ಹ್ಯಾರಿಯೆಟ್ಟಳ ಬನ್ನಿಗಿಡ

ಕುಮುದಾಳ ಮನೆಯಲ್ಲಿ ರಬ್ಬರ್ ಇರಲಿಲ್ಲ. ಟೆಕ್ಸಸ್‌ನ ಮೆಕಿನ್ನಿ ಊರಿನ ಆ ಮನೆಯ ಗ್ಯಾರೇಜಿನಲ್ಲಿ ಎರಡನೆಯ ಫ್ರಿಜ್ ಇತ್ತು, ಯಾರೂ ಹತ್ತದ ಟ್ರೆಡ್‌ಮಿಲ್ ಇತ್ತು, ಹುಬ್ಬಳ್ಳಿಯಿಂದ ಸೂಟ್‌ಕೇಸಿನಲ್ಲಿ ಸೀರೆ ಸುತ್ತಿ ತಂದ ರೊಟ್ಟಿ ಹಂಚು ಇತ್ತು. ಪೆನ್ಸಿಲ್ ಗೆರೆ ಅಳಿಸುವ ರಬ್ಬರ್ ಮಾತ್ರ ಒಂದೂ ಇರಲಿಲ್ಲ. ಮರೆತದ್ದಲ್ಲ, ಬೇಕೆಂದೇ ಇಟ್ಟಿರಲಿಲ್ಲ. ಹಾಗಾಗಿ ದಸರಾ ಮುಗಿದ ಮರುದಿನ ಶುಕ್ರವಾರ ಸಂಜೆ, ದೇವರ ಕೋಣೆಯಲ್ಲಿ ಬಾಡಿದ ಚೆಂಡುಹೂವು ಗುಡಿಸುವಾಗ ಪೊರಕೆಯ ತುದಿಗೆ ಗುಲಾಬಿ ಬಣ್ಣದ ರಬ್ಬರಿನ ಹೊಟ್ಟು ಸಿಕ್ಕಾಗ ಅವಳು ಬಗ್ಗಿದಲ್ಲೇ ನಿಂತುಬಿಟ್ಟಳು.

ಒಂದು ಚೂರನ್ನು ಬೆರಳಲ್ಲಿ ಹೊಸಕಿ ನೋಡಿದಳು. ಹೂವಿನ ಎಸಳಲ್ಲ, ಕುಂಕುಮವಲ್ಲ. ರಬ್ಬರೇ. ಅವಳ ಕಣ್ಣು ತಾನಾಗಿ ಮೇಲಿನ ಹಲಗೆಗೆ ಹೋಯಿತು. ಅಲ್ಲಿ ಲೊರೇನ್ ಕೊಟ್ಟ ನೀಲಿ ಫೋಲ್ಡರ್ ಇತ್ತು. ಅವಳು ಇಟ್ಟಾಗ ಅದರ ದಾರದ ಗಂಟು ಎಡಕ್ಕಿತ್ತು. ಈಗ ಬಲಕ್ಕಿತ್ತು.

ರಬ್ಬರ್ ಬೇಡ ಎನ್ನುವುದು ಲೊರೇನ್ ಕಲಿಸಿದ ಮೊದಲ ಪಾಠ. ಲೊರೇನ್ ಹ್ಯಾಚರ್ ಡಾಲಸ್‌ನ ಶಾಲೆಯೊಂದರಲ್ಲಿ ಬಹಳ ವರ್ಷ ಚಿತ್ರಕಲೆ ಕಲಿಸಿ, ಈಗ ಆಸ್ಟಿನ್‌ನಲ್ಲಿ ಒಬ್ಬರೇ ಇರುವ ಹಿರಿಯ ಹೆಂಗಸು. ನಿವೃತ್ತಿಗೆ ಮುಂಚೆ ಲವಾನ್ ಕೆರೆಯ ದಂಡೆಯಲ್ಲಿ ಶನಿವಾರದ ಕ್ಲಾಸು ನಡೆಸುತ್ತಿದ್ದರು. ಮಗಳು ವೈಷ್ಣವಿ ಕಾಲೇಜಿಗೆಂದು ಹ್ಯೂಸ್ಟನ್‌ಗೆ ಹೋದ ಮೇಲೆ ಮನೆ ಬಿಕೋ ಎನ್ನುತ್ತಿದೆಯೆಂದು ಕುಮುದಾ ಅಲ್ಲಿಗೆ ಸೇರಿದ್ದಳು. ಸೇರಿದವಳು ಬಿಡಲಿಲ್ಲ. ಬಣ್ಣವಿಲ್ಲ, ಕ್ಯಾನ್ವಾಸಿಲ್ಲ. ಒಂದು ಮಡಚುವ ಸ್ಟೂಲು, ಗಟ್ಟಿ ಪೆನ್ಸಿಲು, ಮಣ್ಣಿನ ಬಣ್ಣದ ಹಾಳೆ. ಇದು ಈ ದೇಶದ ಹಳೆಯ ಪದ್ಧತಿ. ನೂರೈವತ್ತು ಇನ್ನೂರು ವರ್ಷಗಳ ಹಿಂದೆ ಇಲ್ಲಿನ ಚಿತ್ರಕಾರರು ಬೇಸಿಗೆಯಲ್ಲಿ ಗುಡ್ಡ ಬೆಟ್ಟ ಅಲೆದು, ಕಂಡ ಬಂಡೆಯನ್ನು ಕಂಡ ಹಾಗೆ, ಕಂಡ ಮರವನ್ನು ಅದೇ ಮರವೆಂದು ಗುರುತು ಸಿಗುವ ಹಾಗೆ ಪೆನ್ಸಿಲಿನಲ್ಲಿ ಬರೆದುಕೊಂಡು ಬರುತ್ತಿದ್ದರಂತೆ. ಬಣ್ಣ ಯಾವುದೆಂದು ಹಾಳೆಯ ಮೇಲೇ ಬರೆದಿಡುತ್ತಿದ್ದರಂತೆ. "ಇಲ್ಲದ್ದನ್ನು ಸೇರಿಸಬೇಡಿ, ಇದ್ದದ್ದನ್ನು ಬಿಡಬೇಡಿ," ಎನ್ನುತ್ತಿದ್ದರು ಲೊರೇನ್. "ಗೆರೆ ತಪ್ಪಿದರೆ ಪಕ್ಕದಲ್ಲಿ ಸರಿ ಗೆರೆ ಹಾಕಿ. ತಪ್ಪೂ ಇರಲಿ, ನೀವು ನೋಡಿದ್ದಕ್ಕೆ ಅದೂ ಸಾಕ್ಷಿ."

ಲೊರೇನರ ಮುತ್ತಜ್ಜಿಯ ತಾಯಿ ಹ್ಯಾರಿಯೆಟ್ ಹಾಗೆ ನೋಡಿದವಳು. ಅವಳ ಗಂಡ ಟೆಕ್ಸಸ್‌ನ ಭೂಮಿ ಅಳೆಯುವ ಕೆಲಸದವನು. ಅವನು ಅಳತೆಯ ಸರಪಳಿ ಎಳೆಸುತ್ತ ಅಲೆಯುವಾಗ ಇವಳು ನೆರಳು ಸಿಕ್ಕಲ್ಲಿ ಕೂತು ಬರೆದಳು. ಅವಳು ಬರೆದ ಹಾಳೆಗಳ ಒಂದು ಸಣ್ಣ ಕಟ್ಟು ಲೊರೇನರ ಬಳಿ ಉಳಿದಿತ್ತು. ಆ ಕಟ್ಟಿನಿಂದ ಒಂದೊಂದೇ ಹಾಳೆಯನ್ನು ಅವರು ಕುಮುದಾಳ ಕೈಗೆ ಕೊಡುತ್ತಿದ್ದರು. ಕುಮುದಾ ಅದನ್ನು ಮನೆಯಲ್ಲಿ ಕೆಲವು ವಾರ ನೋಡಬೇಕು, ಗೆರೆ ಗೆರೆ ಅಭ್ಯಾಸ ಮಾಡಬೇಕು, ಆಮೇಲೆ ಹ್ಯಾರಿಯೆಟ್ ಕೂತಿದ್ದ ಜಾಗಕ್ಕೇ ಹೋಗಿ ಕೂತು ಇವತ್ತು ಅಲ್ಲಿ ಏನಿದೆಯೋ ಅದನ್ನು ಬರೆಯಬೇಕು. ಅಂದಿನದೂ ಇಂದಿನದೂ ಜೋಡಿ ಜೋಡಿಯಾಗಿ ಬರುವ ವಸಂತದಲ್ಲಿ ಆಸ್ಟಿನ್‌ನ ಒಂದು ಸಣ್ಣ ಪ್ರದರ್ಶನ ಹಾಲಿನ ಗೋಡೆಗೆ ಏರುವುದಿತ್ತು. ಹ್ಯಾರಿಯೆಟ್ ಮತ್ತು ಕುಮುದಾ ಎಂದು ಎರಡೇ ಹೆಸರು. ಎರಡು ಜೋಡಿ ಆಗಿತ್ತು. ಇದು ಮೂರನೆಯ ಹಾಳೆ. ನಾಳೆ ಶನಿವಾರ ಇದನ್ನು ತೋರಿಸಿ, ಆ ಜಾಗಕ್ಕೆ ಹೋಗಿ ಬರೆದು, ಹಿಂತಿರುಗಿಸಿದರೆ ಉಳಿದ ಕಟ್ಟನ್ನು ಒಟ್ಟಿಗೇ ಕೊಡುತ್ತೇನೆ ಎಂದಿದ್ದರು ಲೊರೇನ್. ಕುಮುದಾಗೆ ಈ ವರ್ಷ ಬೇರೇನೂ ಬೇಕಿರಲಿಲ್ಲ. ಆ ಕಟ್ಟು ಬೇಕಿತ್ತು.

ಅಂಥ ಹಾಳೆಯನ್ನು ಎಲ್ಲಿಡುವುದು? ಊಟದ ಟೇಬಲ್ಲಿನ ಮೇಲೆ ಗಂಡ ಶ್ರೀಶೈಲ್‌ನ ಲ್ಯಾಪ್‌ಟಾಪು, ಪಕ್ಕದಲ್ಲಿ ಸಾರಿನ ಬಟ್ಟಲು. ಮಲಗುವ ಕೋಣೆಗೆ ಬೆಳಗಿನ ಬಿಸಿಲು ನೇರ ಬೀಳುತ್ತದೆ. ಯೋಚಿಸಿ ಯೋಚಿಸಿ ಅವಳು ದೇವರ ಕೋಣೆಯ ಮೇಲಿನ ಹಲಗೆಯಲ್ಲಿಟ್ಟಳು. ಬಿಸಿಲಿಲ್ಲ, ತೇವವಿಲ್ಲ, ಸ್ನಾನ ಮಾಡದೆ ಯಾರೂ ಒಳಗೆ ಕಾಲಿಡುವುದಿಲ್ಲ. ಇಡೀ ಮನೆಯಲ್ಲಿ ಅದಕ್ಕಿಂತ ಭದ್ರವಾದ ಜಾಗ ಇರಲಿಲ್ಲ.

ಪೊರಕೆಯನ್ನು ಗೋಡೆಗೆ ಒರಗಿಸಿ, ಕೈ ತೊಳೆದು ಒರೆಸಿಕೊಂಡು ಬಂದು ಫೋಲ್ಡರ್ ಬಿಚ್ಚಿದಳು.

ದೂರದ ಗುಡ್ಡ ಹಾಗೇ ಇತ್ತು, ಉಸಿರು ಬಿಗಿಹಿಡಿದು ಎಳೆದಂತಹ ಒಂದೇ ತೆಳು ಗೆರೆ. ಹಳ್ಳ ಇತ್ತು. ಮೋಡಕ್ಕೆಂದು ಹಚ್ಚಿದ ಎರಡು ಬಿಳಿ ತೇಪೆ ಇತ್ತು. ಮೂಲೆಯಲ್ಲಿ ಊರು, ತಾರೀಖು ಇತ್ತು. ಮುಂದೆ, ಹಾಳೆಯ ಜೀವವೇ ಎನ್ನುವಂತೆ ನಿಂತಿದ್ದ ಮುಳ್ಳುಮರ ಇರಲಿಲ್ಲ. ಮೆಸ್ಕೀಟ್ ಮರ. ಬೊಡ್ಡೆ ಹೋಗಿತ್ತು, ಅರ್ಧ ತಲೆ ಹೋಗಿತ್ತು. ಕೊಂಬೆಯಿಲ್ಲದೆ ಕೆಲವು ಮುಳ್ಳು ಗಾಳಿಯಲ್ಲಿ ನಿಂತಿದ್ದವು. ಮರದ ಬುಡದಲ್ಲಿ ಹ್ಯಾರಿಯೆಟ್ ಸಣ್ಣ ಅಕ್ಷರದಲ್ಲಿ 'ನೆರಳು ನೀಲಿ' ಎಂದು ಬರೆದಿದ್ದಳು. ಅದರಲ್ಲಿ ನೆರಳು ಅಳಿಸಿ ನೀಲಿ ಮಾತ್ರ ಉಳಿದಿತ್ತು. ಮರವಿದ್ದ ಜಾಗದಲ್ಲಿ ಹಾಳೆ ಹಳೇ ಟವಲಿನಂತೆ ಎಳೆ ಎದ್ದಿತ್ತು, ಎಳೆಯ ನಡುವೆ ಕೆಂಪು ಹರಡಿ ಗುಲಾಬಿಯಾಗಿತ್ತು.

ಕೆಂಪು. ಬುಧವಾರ ಖಂಡೇನವಮಿ. ಅತ್ತೆ ಜಯದೇವಿ ಮನೆಯ ಆಯುಧಗಳಿಗೆಲ್ಲ ಪೂಜೆ ಮಾಡಿದ್ದರು. ಈಳಿಗೆ, ಮಿಕ್ಸರು, ಎರಡು ಕಾರು, ಲ್ಯಾಪ್‌ಟಾಪು, ಅವಳ ಪೆನ್ಸಿಲ್ ಡಬ್ಬಿ, ಎಲ್ಲದಕ್ಕೂ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ.

"ಅತ್ತೀ!"

ಆ ಮನೆಯಲ್ಲಿ ಆ ದನಿ ಅದಕ್ಕೆ ಮೊದಲು ಯಾರೂ ಕೇಳಿರಲಿಲ್ಲ. ಅಡುಗೆಮನೆಯಲ್ಲಿ ಬೇಳೆಗೆ ಒಗ್ಗರಣೆ ಹಾಕಿ ಸೊಪ್ಪು ಸೋಸುತ್ತಿದ್ದ ಜಯದೇವಿ ಸೊಪ್ಪಿನ ಬುಟ್ಟಿ ಹಿಡಿದುಕೊಂಡೇ ಓಡಿ ಬಂದರು. ಅವರು ಮಗ ಸೊಸೆಯ ಜೊತೆ ಇಲ್ಲಿ ಇರಲು ಶುರುಮಾಡಿ ನಾಲ್ಕು ವರ್ಷವಾಗಿತ್ತು. ಜಗಳವೆಂದರೆ ಇಬ್ಬರಿಗೂ ಉಪ್ಪು ಹೆಚ್ಚೋ ಕಡಿಮೆಯೋ ಎನ್ನುವಷ್ಟೇ.

"ಏನಾತ? ಹಾವು ಬಂತೇನ?"

"ಇದನ್ನ ನೀವ ಮುಟ್ಟೀರಿ?"

ಜಯದೇವಿ ಕನ್ನಡಕ ಸರಿಮಾಡಿಕೊಂಡು ಹಾಳೆಯನ್ನು ನೋಡಿದರು. "ಹೌದು, ಮುಟ್ಟೇನಿ. ನಿನ್ನ ಪೆನ್ಸಿಲ್ ಡಬ್ಬಿಗೆ ಹಚ್ಚಿದೆ, ಬಾಜೂಕ ಇದು ಇತ್ತು, ಬಿಚ್ಚಿ ನೋಡಿದೆ. ನೋಡಿದ್ರ ಬನ್ನಿಗಿಡ! ಎಲಿ ಹಂಗ, ಮುಳ್ಳು ಹಂಗ. ಈ ಊರಾಗ ಬನ್ನಿಗಿಡ ಎಲ್ಲೈತಿ, ಎಲ್ಲಿ ಹೋಗಿ ಪೂಜಿ ಮಾಡ್ಲಿ ಅಂತ ನಾ ಆವಾಗಿಂದ ಚಿಂತಿ ಮಾಡಾಕತ್ತಿದ್ದೆ. ದೇವರ ಕ್ವಾಣ್ಯಾಗ ಬನ್ನಿಗಿಡ ಇಟ್ಟಾಳಂದ್ರ ಪೂಜೀಗೇ ಇಟ್ಟಾಳ ನನ್ನ ಸೊಸಿ ಅಂದ್ಕೊಂಡೆ. ಬೊಡ್ಡಿಗೆ ಈಬತ್ತಿ ಎಳದು ಕುಂಕುಮ ಹಚ್ಚಿ ಕೈ ಮುಗದೆ."

"ಪೂಜೀಗೆ! ಇದು ನೂರ ಎಪ್ಪತ್ತು ವರ್ಷದ ಹಾಳಿ ಅತ್ತಿ! ಮಂದೀದು! ಒದ್ದಿ ಕೈಲೆ ಹಚ್ಚೀರಿ, ಆಮ್ಯಾಗ ತಿಕ್ಕಿ ತಿಕ್ಕಿ ಗಿಡಾನ ಅಳಿಸೀರಿ!"

ಜಯದೇವಿಯವರ ಮುಖ ಬಿಗಿಯಿತು. ಸೊಪ್ಪಿನ ಬುಟ್ಟಿಯನ್ನು ನೆಲಕ್ಕಿಟ್ಟರು.

"ನಿಂದರು. ಹಚ್ಚಿದಾಕಿ ನಾನು. ಬೈ, ಬೈಸ್ಕೊಂತೀನಿ. ಅಳಿಸಿದಾಕಿ ನಾ ಅಲ್ಲ. ಹಚ್ಚಿದ ಕುಂಕುಮಾನ ಯಾರರೆ ಅಳಸ್ತಾರೇನು? ಅದೂ ಬನ್ನೀದು? ಈ ವಯಸ್ಸಿನಾಗ ನನಗ ಅಷ್ಟೂ ತಿಳೀವಲ್ದೇನು?"

ಕುಮುದಾ ನೆಲದ ಮೇಲಿನ ಗುಲಾಬಿ ಹೊಟ್ಟು ನೋಡಿದಳು. ಹೌದಲ್ಲ. ಪೆನ್ಸಿಲನ್ನೇ ಹಿಡಿಯದ ಈ ಹೆಂಗಸಿಗೆ ರಬ್ಬರ್ ಎಲ್ಲಿ ಸಿಗಬೇಕು? ವೈಷ್ಣವಿಯ ಹಳೇ ಕೋಣೆಯ ಡ್ರಾಯರಿನಲ್ಲಿ ಶಾಲೆಯ ದಿನಗಳ ಗುಲಾಬಿ ರಬ್ಬರ್ ಒಂದು ಉಳಿದಿದ್ದರೆ ಅದು ಅತ್ತೆಗೆ ಗೊತ್ತಿರುವುದಿಲ್ಲ. ಮಗಳಿಗೆ ಪ್ರತಿ ವರ್ಷ ಶಾಲೆಯ ಸಾಮಾನು ಕೊಡಿಸಿಕೊಂಡು ಬರುತ್ತಿದ್ದವರಿಗೆ ಗೊತ್ತಿರುತ್ತದೆ.

ಬುಧವಾರ ಸಂಜೆ ಲ್ಯಾಪ್‌ಟಾಪನ್ನು ದೇವರ ಕೋಣೆಯಿಂದ ಎತ್ತಿಕೊಂಡು ಹೋದವರು ಯಾರು? ಅವತ್ತು ರಾತ್ರಿ ಊಟಕ್ಕೆ ಕೂತಾಗ ಎರಡು ಸಲ ಹೋಳಿಗೆ ಬೇಡವೆಂದವರು ಯಾರು? ಗುರುವಾರ, "ನಾಳಿದ್ದು ಆಸ್ಟಿನ್‌ಗೆ ಹೋಗಲೇಬೇಕೇನು? ಟ್ರಾಫಿಕ್ ಭಾಳ ಇರ್ತದ, ಮುಂದಿನ ತಿಂಗಳು ಹೋಗೋಣು," ಎಂದವರು ಯಾರು?

ಗ್ಯಾರೇಜಿನ ಬಾಗಿಲು ಏಳುವ ಸದ್ದು ಕೇಳಿತು. ಪ್ಲೇನೋದ ಆಫೀಸಿನಿಂದ ಶ್ರೀಶೈಲ್ ಬಂದಿದ್ದ. ಶೂ ಬಿಚ್ಚುತ್ತಲೇ, "ಏನ್ ಘಮ ಘಮ ಒಗ್ಗರಣಿ..." ಎಂದವನು ದೇವರ ಕೋಣೆಯ ಬಾಗಿಲಲ್ಲಿ ಇಬ್ಬರು ಹೆಂಗಸರು ಒಂದು ಹಾಳೆಯ ಮುಂದೆ ನಿಂತಿದ್ದನ್ನು ಕಂಡು ಮಾತು ನುಂಗಿದ. ಆ ನುಂಗಿದ್ದೇ ಸಾಕಾಯಿತು ಕುಮುದಾಗೆ.

"ಯಾವಾಗ ಹೇಳಾವ್ರಿದ್ರಿ?"

"ಕುಮುದಾ, ನೋಡಿಲ್ಲಿ..."

"ಯಾವಾಗ ಹೇಳಾವ್ರಿದ್ರಿ ಅಂತ ಕೇಳೇನಿ."

"ಅವ್ವ ಏನೋ ಗೊತ್ತಿಲ್ಲದ ಹಚ್ಚಿಬಿಟ್ಟಿದ್ಳು. ನೀ ನೋಡಿದ್ರ ಆಕೀಗೆ ಬೈತಿ, ಹಬ್ಬದ ದಿನ ಮನ್ಯಾಗ ಲೊಳ್ಳಿ ಬ್ಯಾಡ ಅಂತ ನಾ ಸ್ವಲ್ಪ ಕ್ಲೀನ್ ಮಾಡಾಕ ಹೋದೆ. ಈಬತ್ತಿ ಉದುರಿತು, ಕುಂಕುಮ ಹೋಗಲಿಲ್ಲ. ತಿಕ್ಕಿದಂಗ ತಿಕ್ಕಿದಂಗ ಹರಡಾಕತ್ತಿತು. ಇನ್ನೊಂಚೂರು ತಿಕ್ಕಿದ್ರ ಹೋಗ್ತದ ಅಂತ..."

"ಗಿಡ ಹೋಗೂತನಾ ತಿಕ್ಕಿದ್ರಿ."

"ಬೇಕಂತ ಮಾಡಿಲ್ಲಲ್ಲ!"

"ಮುಚ್ಚಿ ಇಟ್ಟದ್ದು? ಅದು ಬೇಕಂತ ಅಲ್ಲೇನು? ದಾರ ಕಟ್ಟಿ ಎಲ್ಲಿತ್ತೋ ಅಲ್ಲೇ ಇಟ್ಟದ್ದು? ಎರಡ ದಿನದಿಂದ ನನ್ನ ಮಾರಿ ನೋಡಿ ನಕ್ಕೋಂತ ಚಾ ಕುಡದದ್ದು? ನಾಳೆ ಆ ಹಿರೇ ಮನಶ್ಯಾಳ ಮುಂದ ನಾ ಹೋಗಿ ನಿಂತು ಫೋಲ್ಡರ್ ಬಿಚ್ಚಿದ್ರ ಏನಾಗ್ತಿತ್ತು ಅಂತ ವಿಚಾರ ಮಾಡಿದ್ರೇನು?"

ಶ್ರೀಶೈಲ್ ತಾಯಿಯ ಕಡೆ ನೋಡಿದ. ಅಲ್ಲಿಂದ ಯಾವತ್ತೂ ಬರುತ್ತಿದ್ದ ಸಹಾಯ ಇವತ್ತು ಬರಲಿಲ್ಲ.

"ಬನ್ನಿ ಕುಂಕುಮ ಅಳಿಸಿಯಲ್ಲೋ ಶ್ರೀಶೈಲಾ," ಎಂದರು ಜಯದೇವಿ. "ನನ್ನ ಹೆಸರು ಹೇಳಿ ಅಳಿಸಿಯಲ್ಲೋ."

"ಅವ್ವಾ, ಅದು ಬನ್ನೀ ಅಲ್ಲ. ನಮ್ಮ ಕಡೆ ಹೊಲದ ಬೇಲ್ಯಾಗ ಬೆಳೀತದಲ್ಲ ಬಳ್ಳಾರಿ ಜಾಲಿ, ಅದರ ಜಾತಿದು. ಅದು ಇಲ್ಲಿಂದೇ ಬಂದದ್ದು."

"ಹೆಸರು ಯಾವ್ದರೆ ಇರ್ಲಿ. ನಾ ಕೈ ಮುಗದದ್ದು ಸುಳ್ಳೇನು?"

ಶ್ರೀಶೈಲ್ ಕುರ್ಚಿ ಎಳೆದುಕೊಂಡು ಕೂತ. ಆಫೀಸಿನಲ್ಲಿ ಏನಾದರೂ ಕೆಟ್ಟಾಗ ಅದನ್ನು ಸರಿಮಾಡುವ ದನಿ ಒಂದಿತ್ತು ಅವನಿಗೆ. ಆ ದನಿ ಈಗ ಹೊರಬಂತು. "ಆದದ್ದು ಆತು. ಈಗ ಸಲ್ಯೂಶನ್ ನೋಡೋಣು. ನಿನ್ನ ಫೋನಿನಾಗ ಇದರ ಫೋಟೋ ಐತಿ. ಮ್ಯಾಲೆ ಇದನ್ನ ವಾರಗಟ್ಟಲೆ ನೋಡಿ ನೋಡಿ ಬರದು ನಿನಗ ಬಾಯಿಪಾಠ ಆಗೇದ. ಪೆನ್ಸಿಲ್ ಅದ, ಕೈ ಅದ. ಆ ಗಿಡಾನ ವಾಪಸ್ ಬರದುಬಿಡು. ಹತ್ತು ನಿಮಿಷದ ಕೆಲಸ. ದೇವರಾಣಿ ಯಾರಿಗೂ ಗೊತ್ತಾಗಂಗಿಲ್ಲ."

ಕುಮುದಾ ಅವನನ್ನು ನೋಡಿದಳು. ಆಮೇಲೆ ಹಾಳೆಯನ್ನು ಕಿಟಕಿಯ ಪಕ್ಕದ ಟೇಬಲ್ಲಿಗೆ ಒಯ್ದು, ಪೆನ್ಸಿಲ್ ಡಬ್ಬಿ ತೆಗೆದಳು. ಡಬ್ಬಿಯ ಮುಚ್ಚಳದ ಮೇಲೆ ಅತ್ತೆ ಹಚ್ಚಿದ ವಿಭೂತಿಯ ಮೂರು ಗೆರೆ ಇನ್ನೂ ಇತ್ತು.

ಅವಳಿಗೆ ಬರುತ್ತಿತ್ತು. ಅದೇ ಅವಳ ಹೊಟ್ಟೆ ಉರಿಸಿದ್ದು. ಬೊಡ್ಡೆ ಎಲ್ಲಿ ಎಡಕ್ಕೆ ವಾಲುತ್ತದೆ, ಮೊದಲ ಕೊಂಬೆಯ ಕೆಳಗೆ ಹ್ಯಾರಿಯೆಟ್ಟಳ ಕೈ ಎಲ್ಲಿ ತಡವರಿಸಿ ಇನ್ನೊಂದು ಗೆರೆ ಎಳೆದಿದೆ, ಯಾವ ಮುಳ್ಳಿಗೆ ಒತ್ತಿದ್ದಾಳೆ, ಯಾವುದನ್ನು ಸುಮ್ಮನೆ ತಾಗಿಸಿ ಬಿಟ್ಟಿದ್ದಾಳೆ, ಎಲ್ಲ ಅವಳ ಬೆರಳಿಗೆ ಗೊತ್ತಿತ್ತು. ಲೊರೇನರ ಕಣ್ಣು ಈಗ ಮೊದಲಿನಷ್ಟು ಚೂಪಲ್ಲ. ಎದ್ದ ಎಳೆಯನ್ನು ಚಮಚದ ಬೆನ್ನಿನಿಂದ ತೀಡಿದರೆ ಕೂರುತ್ತದೆ. ಗುಲಾಬಿ ಕಲೆಯನ್ನು ನೆರಳಿನ ಗೆರೆಗಳ ಕೆಳಗೆ ಮುಳುಗಿಸಬಹುದು. ಕಟ್ಟು ಕೈಗೆ ಬರುತ್ತದೆ. ವಸಂತದಲ್ಲಿ ಗೋಡೆಯ ಮೇಲೆ ಹೆಸರು ಬರುತ್ತದೆ. ಹ್ಯಾರಿಯೆಟ್ ಎಂದು ಬರೆದ ಚೀಟಿಯ ಮೇಲೆ ಇವಳ ಮರ ನಿಂತಿರುತ್ತದೆ, ಜನ ಬಗ್ಗಿ ನೋಡಿ ಆಹಾ ಎನ್ನುತ್ತಾರೆ.

ಪೆನ್ಸಿಲಿನ ಮೊನೆ ಹಾಳೆಗೆ ಒಂದು ಅಕ್ಕಿಕಾಳಿನಷ್ಟು ದೂರದಲ್ಲಿ ನಿಂತಿತ್ತು.

ಹ್ಯಾರಿಯೆಟ್ ಎಂಬವಳು ಯಾವುದೋ ಮಧ್ಯಾಹ್ನ, ಗಂಡನ ಸರಪಳಿಯ ಗಲಗಲ ಕೇಳುತ್ತ, ಇರುವೆ ಕಚ್ಚಿಸಿಕೊಳ್ಳುತ್ತ ಆ ಮರದ ಮುಂದೆ ಕೂತು ಅದನ್ನು ನೋಡಿದ್ದಳು. ಎಷ್ಟು ಸರಿಯಾಗಿ ನೋಡಿದ್ದಳೆಂದರೆ, ಹುಬ್ಬಳ್ಳಿಯ ಒಬ್ಬ ಮುದುಕಿ ಅದನ್ನು ನೋಡಿದ ಕೂಡಲೇ ಕೈ ಮುಗಿದಿದ್ದಳು. ಕುಮುದಾ ಆ ಮರವನ್ನು ನೋಡಿಯೇ ಇರಲಿಲ್ಲ.

ಪೆನ್ಸಿಲನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು. ಅದರ ಸದ್ದಿಗೆ ಶ್ರೀಶೈಲ್ ಬೆಚ್ಚಿದ.

"ನಾಳೆ ಮುಂಜಾನೆ ಆಸ್ಟಿನ್‌ಗೆ ಹೋಗೂದು. ಗಾಡಿ ನೀವ ಹೊಡೀರಿ. ಅಲ್ಲಿ ಹೋಗಿ ನೀವ ಹೇಳ್ರಿ. ನಾ ಹೇಳಂಗಿಲ್ಲ."

"ಕುಮುದಾ, ಒಂದು ಹಾಳೆ ಸಲುವಾಗಿ..."

"ಒಂದು ಹಾಳಿ ಅಂತ ಇನ್ನೊಮ್ಮೆ ಅನ್ರಿ, ನಿಮ್ಮ ಲ್ಯಾಪ್‌ಟಾಪ್ ನಾ ತೊಳೀತೀನಿ, ಸಬೀನಾ ಪುಡಿ ಹಾಕಿ."

ಬಾಗಿಲಿಂದ ಜಯದೇವಿ, "ನಾನೂ ಬರಾಕಿ," ಎಂದರು. "ಹಚ್ಚಿದಾಕಿ ನಾನು."

ಮಗಳು ವೈಷ್ಣವಿ ಅಷ್ಟೊತ್ತಿಗೆ ಎಂದಿನಂತೆ ಹ್ಯೂಸ್ಟನ್‌ನಿಂದ ಫೋನ್ ಮಾಡಿದಳು. ಅಮ್ಮನ ದನಿ ಕೇಳಿಯೇ ಏನೋ ಆಗಿದೆಯೆಂದು ಅವಳಿಗೆ ತಿಳಿಯಿತು. ಎಲ್ಲ ಕೇಳಿಸಿಕೊಂಡು, "ಓ ಮೈ ಗಾಡ್, ಡ್ಯಾಡ್ ಯೂಸ್ಡ್ ಮೈ ಇರೇಸರ್?" ಎಂದಳು. ಆಮೇಲೆ, "ಆರ್ ಯು ಓಕೆ, ಅಮ್ಮಾ?" ಎಂದು ಕೇಳಿದಳು.

"ಇಲ್ಲ," ಎಂದಳು ಕುಮುದಾ. "ನೀ ಉಂಡಿಯೇನು?"

ಶನಿವಾರ ಬೆಳಿಗ್ಗೆ ಕಾರಿನಲ್ಲಿ ಹೊರಟರು. ಕುಮುದಾ ಹಿಂದಿನ ಸೀಟಿನಲ್ಲಿ ಫೋಲ್ಡರನ್ನು ಮಡಿಲಲ್ಲಿ ಮಲಗಿಸಿಕೊಂಡು ಕೂತಿದ್ದಳು, ಜ್ವರ ಬಂದ ಮಗುವನ್ನು ಆಸ್ಪತ್ರೆಗೆ ಒಯ್ಯುವವಳ ಹಾಗೆ. ಮುಂದಿನ ಸೀಟಿನಲ್ಲಿ ಜಯದೇವಿ. ವೇಕೋ ದಾಟಿದ ಮೇಲೆ ಶ್ರೀಶೈಲ್ ಕಾಫಿಗೆ ನಿಲ್ಲಿಸಲೇ ಎಂದು ಕೇಳಿದ. ಕುಮುದಾ ಫೋಲ್ಡರಿನ ದಾರ ಬಿಗಿಮಾಡಿದಳು. ಅವನು ನಿಲ್ಲಿಸಲಿಲ್ಲ.

ಲೊರೇನರ ಮನೆ ಹಳೆಯ ಓಕ್ ಮರಗಳ ಬೀದಿಯಲ್ಲಿತ್ತು. ಅವರು ಬಾಗಿಲಲ್ಲೇ ಕಾಯುತ್ತಿದ್ದರು. ಕುಮುದಾಳ ಮುಖ ನೋಡಿ ನಗು ಅರ್ಧಕ್ಕೆ ನಿಲ್ಲಿಸಿದರು. ಒಳಗೆ ಟೇಬಲ್ಲಿನ ಮೇಲೆ ಉಳಿದ ಕಟ್ಟನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಸಿದ್ಧವಾಗಿಟ್ಟಿದ್ದರು. ಕುಮುದಾ ಅದನ್ನು ನೋಡದಿರಲು ಯತ್ನಿಸಿದಳು, ಆಗಲಿಲ್ಲ.

ಶ್ರೀಶೈಲ್ ಗಂಟಲು ಸರಿಮಾಡಿಕೊಂಡು ಇಂಗ್ಲಿಷಿನಲ್ಲಿ ಶುರುಮಾಡಿದ. "ಒಂದು ಸಣ್ಣ ಆಕಸ್ಮಿಕ ಆಗಿದೆ..."

"ಸಣ್ಣದಲ್ಲ," ಎಂದಳು ಕುಮುದಾ. "ಆಕಸ್ಮಿಕವೂ ಅಲ್ಲ. ಮೊದಲಿಂದ ಹೇಳಿ."

ಅವನು ಮೊದಲಿಂದ ಹೇಳಿದ. ಹೇಳುತ್ತ ಹೇಳುತ್ತ ಆಫೀಸಿನ ದನಿ ಕರಗಿ ಅವನ ಸ್ವಂತ ದನಿ ಉಳಿಯಿತು. ಲೊರೇನ್ ಫೋಲ್ಡರ್ ಬಿಚ್ಚಿದರು. ಬೆಳಕಿನ ಕಡೆ ತಿರುಗಿಸಿದರು. ಬಹಳ ಹೊತ್ತು ನೋಡಿದರು. ಎದ್ದ ಎಳೆಯ ಮೇಲೆ, ಮುಟ್ಟದೆ, ಒಂದು ಬೆರಳು ಆಡಿಸಿದರು. ಅವರ ಕುತ್ತಿಗೆ ಕೆಂಪಾಗುತ್ತ ಬಂತು.

"ಈ ಕೆಂಪು ಏನು?" ಎಂದು ಜಯದೇವಿಯವರನ್ನೇ ನೋಡಿ ಕೇಳಿದರು.

ಜಯದೇವಿ ಕನ್ನಡದಲ್ಲಿ ಹೇಳಿದರು, ಕುಮುದಾ ಇಂಗ್ಲಿಷಿನಲ್ಲಿ. ದಸರಾದಲ್ಲಿ ನಾವು ಪೂಜಿಸುವ ಮರ ಒಂದಿದೆ, ಈ ಚಿತ್ರದಲ್ಲಿ ಅದನ್ನು ಕಂಡೆ, ಕಂಡ ಮೇಲೆ ಹಾಗೇ ಬಿಡಲು ಮನಸ್ಸಾಗಲಿಲ್ಲ, ತಪ್ಪಾಯಿತು.

"ಚಿತ್ರ ನೋಡಿ ಮರ ಯಾವುದೆಂದು ಗುರುತು ಹಿಡಿದರೇ?" ಲೊರೇನ್ ಒಂದು ಕ್ಷಣ ಮೆತ್ತಗಾದರು. ಒಂದೇ ಕ್ಷಣ. "ಆ ಕೆಂಪು ಒಂದೇ ಇದ್ದಿದ್ದರೆ ಹಾಗೇ ಗೋಡೆಗೆ ಹಾಕುತ್ತಿದ್ದೆ. ಒಬ್ಬರು ಕಂಡದ್ದರ ಗುರುತು ಅದು. ಇದು..." ಅವರು ಶ್ರೀಶೈಲ್ ಕಡೆ ತಿರುಗಿದರು. "ಇದು ಏನೂ ಅಲ್ಲ. ನೀವು ಇಲ್ಲಿ ಏನೂ ಇಲ್ಲದ ಹಾಗೆ ಮಾಡಿದಿರಿ."

"ಕ್ಷಮಿಸಿ. ಖರ್ಚು ಎಷ್ಟಾದರೂ..."

"ಖರ್ಚಿನ ಮಾತು ಆಡಿದರೆ ಹೊರಗೆ ಕಳಿಸುತ್ತೇನೆ," ಎಂದರು ಲೊರೇನ್. ಆಮೇಲೆ ಕುಮುದಾಳ ಕಡೆ ತಿರುಗಿ, "ನಿನ್ನ ಮೇಲೂ ನನಗೆ ಸಿಟ್ಟಿದೆ. ಪೂಜೆಯ ಕೋಣೆಯಲ್ಲಿ ಇಟ್ಟೆಯಲ್ಲ, ಅಲ್ಲಿಟ್ಟದ್ದಕ್ಕೆ ಪೂಜೆ ಆಗುತ್ತದೆ ಅಂತ ನನಗಲ್ಲ, ನಿನಗೆ ಗೊತ್ತಿರಬೇಕಿತ್ತು."

ಕುಮುದಾ ತಲೆಯಾಡಿಸಿದಳು. ಹೌದು. ಎಲ್ಲರ ಮೇಲೂ ಉರಿದು ಉರಿದು ಮುಗಿಸಿದ ಮೇಲೆ ಆ ಮಾತೊಂದು ಕಾರಿನಲ್ಲಿ ಅವಳ ಜೊತೆಗೇ ಕೂತು ಬಂದಿತ್ತು.

"ತಿದ್ದಲು ಮನಸ್ಸಾಗಲಿಲ್ಲವೇ? ನಿನ್ನ ಕೈಗೆ ಬರುತ್ತಿತ್ತು."

"ಮನಸ್ಸಾಯಿತು. ಪೆನ್ಸಿಲ್ ಹಿಡಿದಿದ್ದೆ. ಆ ಮರವನ್ನು ನೋಡಿದವಳು ನಾನಲ್ಲ."

ಲೊರೇನ್ ಹಾಳೆಯನ್ನು ಫೋಲ್ಡರಿಗೆ ಸೇರಿಸಿ ದಾರ ಕಟ್ಟಿದರು. ಬಟ್ಟೆ ಸುತ್ತಿದ ಕಟ್ಟಿನ ಮೇಲೆ ಅದನ್ನಿಟ್ಟು, ಎರಡನ್ನೂ ಎತ್ತಿಕೊಂಡು ಒಳಗಿನ ಕೋಣೆಗೆ ಹೋದರು. ಬೀರುವಿನ ಬಾಗಿಲು ಮುಚ್ಚಿದ ಸದ್ದು ಕೇಳಿತು. ಬರಿಗೈಯಲ್ಲಿ ಹೊರಬಂದರು.

"ಉಳಿದದ್ದನ್ನು ಕೊಡುವುದಿಲ್ಲ. ಮುಂದೆ ನೋಡೋಣ ಎಂದೂ ಹೇಳುವುದಿಲ್ಲ, ಸುಳ್ಳು ಆಸೆ ಬೇಡ." ಬಾಗಿಲವರೆಗೆ ಬಂದು, ಹೊರಗಿನ ಆಕಾಶ ನೋಡಿ, "ಸ್ಟೂಲು ತಂದಿದ್ದೀಯಾ?" ಎಂದರು.

"ಕಾರಿನಲ್ಲಿದೆ."

"ಬಿಸಿಲು ಚೆನ್ನಾಗಿದೆ. ಹಾಳು ಮಾಡಬೇಡ." ಬಾಗಿಲು ಹಾಕಿಕೊಂಡರು.

ಕಾರಿನಲ್ಲಿ ಶ್ರೀಶೈಲ್ ಸ್ಟಿಯರಿಂಗ್ ಹಿಡಿದು ಕೂತ. "ಭಾಳ ಖಡಕ್ ಅದಾರ," ಎಂದ ಮೆಲ್ಲಗೆ. "ಮನೀಗೆ ಹೋಗೋಣಲ್ಲ?"

"ಇಲ್ಲ. ಹಳ್ಳದ ಕಡೆ ತಗೋರಿ."

ಹ್ಯಾರಿಯೆಟ್ ಕೂತಿದ್ದ ಜಾಗ ಊರಿನ ಪಶ್ಚಿಮಕ್ಕೆ, ಹಳ್ಳದ ಮೇಲಿನ ಏರಿನಲ್ಲಿ. ಈಗ ಅದು ಪಾರ್ಕು. ಕಾರು ನಿಲ್ಲಿಸುವ ಜಾಗ, ಕಸದ ಡಬ್ಬಿ, ನಾಯಿ ಹಿಡಿದು ಓಡುವವರು. ಎದುರಿನ ಗುಡ್ಡದ ಗೆರೆ ಮಾತ್ರ ಅದೇ. ಅದರ ಮೇಲೆ ಗಾಜಿನ ದೊಡ್ಡ ದೊಡ್ಡ ಮನೆಗಳು ಸಾಲಾಗಿ ಕೂತಿದ್ದವು, ನಡುವೆ ಒಂದು ನೀರಿನ ಟ್ಯಾಂಕು. ಕುಮುದಾ ಬಂಡೆಯ ಪಕ್ಕ ಸ್ಟೂಲು ಬಿಚ್ಚಿ ಕೂತಳು. ಚಿತ್ರದ ಹಲಗೆಗೆ ಹಾಳೆಯನ್ನು ಪಿನ್ನಿನಿಂದ ಸಿಕ್ಕಿಸಿದಳು. ಮೊದಲ ಗೆರೆಯನ್ನು ಎಷ್ಟು ಒತ್ತಿದಳೆಂದರೆ ಮೊನೆ ಮುರಿಯಿತು. ಹೆರೆದುಕೊಂಡು ಮತ್ತೆ ಶುರುಮಾಡಿದಳು. ಮುರಿದ ಗೆರೆ ಹಾಳೆಯಲ್ಲಿ ಹಾಗೇ ಉಳಿಯಿತು.

ಗುಡ್ಡ ಬರೆದಳು. ಗಾಜಿನ ಮನೆಗಳನ್ನು ಒಂದನ್ನೂ ಬಿಡದೆ ಬರೆದಳು. ಟ್ಯಾಂಕು ಬರೆದಳು. ಕಸದ ಡಬ್ಬಿಯನ್ನೂ ಬರೆದಳು. ಸಿಟ್ಟು ಇಳಿಯಲಿಲ್ಲ, ಆದರೆ ಗೆರೆ ನೇರವಾಗುತ್ತ ಬಂತು. ಅಕ್ಟೋಬರ್ ಬಂದರೂ ಬಿಸಿಲು ನೆತ್ತಿ ಸುಡುತ್ತಿತ್ತು. ಹಿಂದಿನಿಂದ ಜಯದೇವಿ ಬಂದು ತಮ್ಮ ಸೆರಗನ್ನು ಅವಳ ತಲೆಯ ಮೇಲೆ ಚಪ್ಪರದ ಹಾಗೆ ಹಿಡಿದು ನಿಂತರು. ಸ್ವಲ್ಪ ಹೊತ್ತಿಗೆ ಕೈ ಸೋತು ಇಳಿಸಿದರು. ಅತ್ತ ಇತ್ತ ನೋಡುತ್ತಿದ್ದವರು ಒಮ್ಮೆಲೇ, "ಯವ್ವಾ! ಇಲ್ಲೇ ಐತೆಲ್ಲ!" ಎಂದರು.

ಕಾರು ನಿಲ್ಲಿಸುವ ಜಾಗದ ಅಂಚಿನಲ್ಲಿ, ಕಾಂಕ್ರೀಟು ಒಡೆದುಕೊಂಡು ಒಂದು ಮೆಸ್ಕೀಟ್ ಗಿಡ ಎದ್ದಿತ್ತು. ಹ್ಯಾರಿಯೆಟ್ಟಳದ್ದಲ್ಲ, ಆಳೆತ್ತರದ ಹೊಸದು. ಗರಿಯಂಥ ಎಲೆ, ಬೆರಳುದ್ದದ ಮುಳ್ಳು. ಜಯದೇವಿ ಮೆಟ್ಟು ಬಿಟ್ಟು ಹತ್ತಿರ ಹೋಗಿ ಕೈ ಮುಗಿದರು, ಮುಳ್ಳು ತಪ್ಪಿಸಿ ಎರಡು ಟೊಂಗೆ ಮುರಿದರು. ಒಂದನ್ನು ತಂದು ಸೊಸೆಗೆ ಕೊಟ್ಟರು. ಕುಮುದಾ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿ, ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು. ಬಗ್ಗಿ ಅತ್ತೆಯ ಕಾಲು ಮುಟ್ಟಿದಳು. "ನಿಮಗ ಒದರಿದ್ದು ನನ್ನ ತಪ್ಪು," ಎಂದಳು.

"ಒದರೂದು ಒದರಿದಿ, ಪಾಪ, ಹೊಟ್ಟಿ ಉರದಿತ್ತು," ಎಂದರು ಜಯದೇವಿ. ಇನ್ನೊಂದು ಟೊಂಗೆಯನ್ನು ಕಾರಿನ ಹತ್ತಿರ ನಿಂತಿದ್ದ ಮಗನ ಕೈಗೆ ತುರುಕಿದರು. "ಹೋಗು. ನೀನೂ ಕೊಡು."

ಶ್ರೀಶೈಲ್ ಬಂದ. ಹೆಂಡತಿಯ ಮುಂದೆ ಟೊಂಗೆ ಚಾಚಿ, ಚಿಕ್ಕ ಹುಡುಗನ ಹಾಗೆ, "ಬನ್ನಿ ತಗೋ ಕುಮುದಾ. ಬಂಗಾರದಂಗ ಇರೋಣ," ಎಂದ.

ಕುಮುದಾ ತಲೆ ಎತ್ತಿದಳು. ಅವನನ್ನು ನೋಡಲಿಲ್ಲ, ಟೊಂಗೆಯನ್ನು ನೋಡಿದಳು. ಬಿಸಿಲು ಒಂದು ಕಡೆಯಿಂದ ಬಿದ್ದು ಪ್ರತಿ ಮುಳ್ಳಿಗೂ ಅದರದೇ ನೆರಳು ಸಿಕ್ಕಿತ್ತು. ಕಿವಿಯಿಂದ ಪೆನ್ಸಿಲ್ ತೆಗೆದಳು.

"ನನ್ನ ಕೈ ಖಾಲಿ ಇಲ್ಲ. ಹಂಗ ಹಿಡಕೊಂಡು ನಿಂದರ್ರಿ."

"ಎಷ್ಟೊತ್ತು?"

"ಬರದು ಮುಗಿಯೂತನಾ."

ಅವನು ನಿಂತ. ಕಾಲಿನ ಮೇಲೆ ಇರುವೆ ಹತ್ತಿತು. ಬೆವರು ಕಣ್ಣಿಗಿಳಿಯಿತು. ಒರೆಸಿಕೊಳ್ಳಲು ಇನ್ನೊಂದು ಕೈ ಎತ್ತಿದ.

"ಅಲ್ಲಾಡಬ್ಯಾಡ್ರಿ," ಎಂದಳು ಕುಮುದಾ, ಎರಡನೆಯ ಮುಳ್ಳು ಬರೆಯುತ್ತ.